ಕ್ಲಚ್ಚಿಗೆ ಹಾಕಿದ ಮಗ್ಗದ ಎಣ್ಣೆ

ಆ ಸಂಜೆ ಲಕ್ಷ್ಮೇಶ್ವರದ ಅಂಗಡಿಗಳಿಗೆ ಸೀರೆ ಮುಟ್ಟಿಸಿ ನನ್ನ ಗಂಡ ಬೆಟಗೇರಿಯ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬೈಕಿನ ಕ್ಲಚ್ ಮೆತ್ತಗಾಗಿದೆ, ಹಿಡಿದರೂ ಗೇರು ಸರಿಯಾಗಿ ಬೀಳುತ್ತಿಲ್ಲ ಎಂದರು. ಅದಕ್ಕೆ ಬೇರೆ ಬೈಕುಗಳಂತೆ ಕೇಬಲ್ ಇಲ್ಲ. ಹ್ಯಾಂಡಲಿನ ಎಡಕ್ಕೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಬ್ರೇಕ್ ಆಯಿಲ್. ಲಿವರ್ ಒತ್ತಿದರೆ ಆ ಆಯಿಲ್ ಪೈಪಿನೊಳಗಿಂದ ಕೆಳಗೆ ಹೋಗಿ ಕ್ಲಚ್ಚನ್ನು ನೂಕುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ಲಿವರಿಗೆ ಬಿಗಿ ಇರುವುದಿಲ್ಲ.

ಗಾಳಿ ತೆಗೆಯಲು ಇಬ್ಬರು ಬೇಕು. ನಾನು ಲಿವರ್ ಒತ್ತಿ ಹಿಡಿದೆ, ಅವರು ಎಂಜಿನ್ ಪಕ್ಕ ಕುಳಿತು ಸ್ಕ್ರೂ ಸಡಿಲಿಸಿದರು. ಗುಳ್ಳೆ ಬರುವುದು ನಿಂತ ಮೇಲೆ ಚಹಾ ಕುಡಿದೆವು. ನಾಳೆ ಮುಂಡರಗಿ ಕಡೆ ಹೋಗಬೇಕು ಎಂದರು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಬೈಕು ಪಡಸಾಲೆಯಲ್ಲಿ ನಿಂತಿತು. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗದ ಕೆಲಸ ನಿಲ್ಲಿಸುತ್ತೇವೆ. ಮಾವನವರು ಅಂದು ಮಗ್ಗದ ಧೂಳು ಒರೆಸಿ, ಕೀಲುಗಳಿಗೆ ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾರೆ. ಮಗ ಹೋದ ಮೇಲೆ ಬೈಕಿಗೂ ಹಾಗೆಯೇ ಮಾಡತೊಡಗಿದರು. ಒದ್ದೆ ಬಟ್ಟೆಯಿಂದ ಒರೆಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದನ್ನು ನಾನು ನೋಡುತ್ತಿದ್ದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ಆ ದಿನಗಳಲ್ಲಿ ಅವರು ತಾವಾಗಿಯೇ ಹೋಗುತ್ತಿದ್ದುದು ಆ ಬೈಕಿನ ಹತ್ತಿರ ಮಾತ್ರ.

ಅಂಗಡಿಗಳಿಗೆ ಸೀರೆ ಮುಟ್ಟಿಸುವ ಕೆಲಸಕ್ಕೆ ಶಿರಹಟ್ಟಿಯಲ್ಲಿರುವ ನನ್ನ ತಮ್ಮ ಒಪ್ಪಿಕೊಂಡ. ಒಂದು ರವಿವಾರ ಬಂದು ಬೈಕನ್ನು ಅಂಗಳಕ್ಕೆ ಇಳಿಸಿದ. ಲಿವರ್ ಒತ್ತಿದರೆ ತಿರುಗಿ ಬರಲಿಲ್ಲ, ಹ್ಯಾಂಡಲಿಗೆ ಅಂಟಿಕೊಂಡೇ ಉಳಿಯಿತು. ಡಬ್ಬಿಯ ಮುಚ್ಚಳ ತೆಗೆದ. ಒಳಗಿನ ರಬ್ಬರು ನೆನೆಹಾಕಿದ ಕಡಲೆಯಂತೆ ಉಬ್ಬಿತ್ತು. ಆಯಿಲ್ ಮೇಲೆ ಇನ್ನೊಂದು ಎಣ್ಣೆ ಪದರಾಗಿ ತೇಲುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ದಿನವೂ ನೂಲು ಸುತ್ತುವ ನನಗೆ ಆ ವಾಸನೆ ಗೊತ್ತು. ಮಗ್ಗದ ಎಣ್ಣೆ.

ಗದಗಿನ ಗೆಳೆಯ ಮೆಕ್ಯಾನಿಕನಿಗೆ ತಮ್ಮ ಫೋನು ಮಾಡಿದ. ಬೇರೆ ಎಣ್ಣೆ ಈ ರಬ್ಬರಿಗೆ ಆಗಿಬರುವುದಿಲ್ಲ, ಮೇಲೆ ಡಬ್ಬಿಯದು, ಕೆಳಗೆ ಕ್ಲಚ್ಚಿನ ಬಳಿಯದು ಎಲ್ಲ ರಬ್ಬರೂ ಬದಲಿಸಬೇಕು, ಪೈಪು ಕೂಡ ಹೊಸದು ಹಾಕಿ ಎಂದು ಆತ ಹೇಳಿದ.

"ರಬ್ಬರ್ ಹಳೇದಾಗಿತ್ತು ಅಂತ ಹೇಳೂಣಕ್ಕಾ," ಎಂದ ತಮ್ಮ ಮೆಲ್ಲಗೆ. "ಈಗ ಮಾವಾರಿಗೆ ಇದೊಂದ್ ಚಿಂತಿ ಯಾಕ?"

ನನಗೂ ಹಾಗೆಯೇ ಅನಿಸಿತ್ತು. ಮಗನ ಬೈಕನ್ನು ತಾವೇ ಕೆಡಿಸಿದ್ದು ಎಂದು ತಿಳಿದರೆ ಅವರು ಅದರ ಹತ್ತಿರವೂ ಹೋಗದೇ ಇರಬಹುದು. ಹೇಳದಿದ್ದರೆ ಬರುವ ಅಮಾವಾಸ್ಯೆಗೆ ಮತ್ತೆ ಎಣ್ಣೆ ಹಾಕುತ್ತಾರೆ. ಒಳಗೆ ಹೋಗಿ, ಮಾವನವರು ನೇಯುತ್ತಿದ್ದ ಮಗ್ಗದ ಬಳಿ ನಿಂತೆ.

"ಮಾವಾರ, ಆ ಡಬ್ಬಿಗೆ ಮಗ್ಗದ ಎಣ್ಣಿ ನಡಿಯಂಗಿಲ್ಲಂತ್ರಿ."

ಮಗ್ಗ ತುಳಿಯುತ್ತಿದ್ದ ಅವರ ಕಾಲು ನಿಂತಿತು.

"ಕಮ್ಮಿ ಕಾಣ್ತಿತ್ತವಾ. ಒಣಗೀತು ಅಂತ ಹಾಕ್ದೆ," ಎಂದರು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಕೈಯಾಡಿಸಿದರು. "ಅವ ಇದ್ದಿದ್ರ ಓಣಿಗೆಲ್ಲಾ ಕೇಳಂಗ ಒದರ್ತಿದ್ದ. ನೀನರ ಒಂದ್ ಮಾತ ಅನ್ನು."

ಬೈಯಲು ನನಗೆ ಆಗಲಿಲ್ಲ. ತಂದೆ ಮಗ ಇಬ್ಬರೂ ಗಟ್ಟಿ ಗಂಟಲಿನವರು, ಬೈದಾಡಿಕೊಂಡು ಒಂದೇ ತಾಟಿನಲ್ಲಿ ಉಂಡು ಏಳುವವರು. ನಾನು ಸೊಸೆ. ಚಹಾ ಇಡುತ್ತೇನೆ ಎಂದು ಹೇಳಿ ಅಡುಗೆಮನೆಗೆ ಹೋದೆ.

ಮುಂದಿನ ರವಿವಾರ ಹೊಸ ರಬ್ಬರು, ಪೈಪು ಎಲ್ಲ ತಮ್ಮ ತಂದ. ಬಿಡಿಭಾಗಗಳನ್ನು ತೊಳೆದು, ಒಣಗಿಸಿ ಜೋಡಿಸಿ, ಹೊಸ ಆಯಿಲ್ ತುಂಬಿದ. ಗಾಳಿ ತೆಗೆಯುವಾಗ ಲಿವರ್ ಹಿಡಿಯಲು ನಾನು ಎದ್ದೆ. ಮಾವನವರು ಕರೆಯದೆಯೇ ಹೊರಗೆ ಬಂದು ನನಗಿಂತ ಮೊದಲು ಹಿಡಿದರು. ನೇಯುವ ಕೈ, ಒತ್ತುವುದೂ ಬಿಡುವುದೂ ಒಂದೇ ಲಯದಲ್ಲಿ ನಡೆಯಿತು. ಆದರೆ ಸ್ಕ್ರೂ ಬಿಗಿಯುವ ಮೊದಲೇ ಬಿಟ್ಟರೆ ಗಾಳಿ ತಿರುಗಿ ಒಳಗೆ ಹೋಗುತ್ತದೆ.

"ಇದು ಮಗ್ಗ ಅಲ್ರಿ ಮಾವಾರ. ನಾ ಹೂಂ ಅಂದ ಮ್ಯಾಲೆ ಬಿಡ್ರಿ," ಎಂದ ತಮ್ಮ.

"ನಿನ್ನ ಹೂಂ ಬರೂದ್ರಾಗ ಒಂದ್ ಸೀರಿ ಮುಗೀತಿತ್ತಲೇ."

ಮಾವನವರು ತಮಾಷೆ ಮಾಡಿದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು. ಗುಳ್ಳೆಗಳು ಕಡಿಮೆಯಾಗುತ್ತ ಬಂದು ನಿಂತವು. ಲಿವರ್ ಬಿಗಿಯಾಗಿ ಕೈಗೆ ಸಿಕ್ಕಿತು. ತಮ್ಮ ನಾಗಾವಿವರೆಗೆ ಓಡಿಸಿ ಬಂದು, ಗೇರು ಬೆಣ್ಣೆಯಂತೆ ಬೀಳುತ್ತಿದೆ ಎಂದು ಹೇಳಿ, ಸೀರೆಗಳ ಗಂಟು ಕಟ್ಟಿಕೊಂಡು ಮುಂಡರಗಿಗೆ ಹೊರಟ.

ಕೈ ತೊಳೆದ ಮೇಲೆ ಮಾವನವರು ಆ ಡಬ್ಬಿಗೆ ಯಾವ ಬಾಟಲಿಯದನ್ನು ಹಾಕಬೇಕು ಎಂದು ಕೇಳಿ ನೋಡಿಕೊಂಡರು. ತಪ್ಪಾಯಿತು ಎಂದು ಹೇಳಿ, ಬೈಗುಳಕ್ಕೆ ಕಾಯುವವರಂತೆ ನನ್ನ ಮುಖ ನೋಡುತ್ತ ನಿಂತರು. ಹೋಗಲಿ ಬಿಡ್ರಿ ಎಂದೆ. ಬಾಟಲಿಯನ್ನು ಎತ್ತಿಟ್ಟು ಒಳಗೆ ಹೋದರು.

ಕ್ಲಚ್ ಈಗ ಸರಿಯಿದೆ. ಸೀರೆಗಳು ಅಂಗಡಿ ಮುಟ್ಟುತ್ತಿವೆ. ಮಾವನವರ ಮೇಲೆ ಒದರುವವರು ಮನೆಯಲ್ಲಿ ಇಲ್ಲ.