ಹೆಸರಿಗೆ ಬೆಲೆ ಕೇಳುವ ಫೋನಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಅಡುಗೆಕೋಣೆಗೆ ಬಂದ ಹೆಂಗಸು ಮೊದಲು ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ಅದರ ಗುಂಯ್‌ಗುಡುವ ಸದ್ದು ಫೋನಿನಲ್ಲಿ ಕೇಳಿಸುತ್ತದೆಯಂತೆ. ಆಮೇಲೆ ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿ, ಸ್ಟೂಲಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಕಣ್ಣ ಕೆಳಗೆ ಕಪ್ಪು, ಕಾಲಲ್ಲಿ ಊತ. ಒಂದು ಗುಟುಕು ಬಿಸಿನೀರು ಕುಡಿದ ಮೇಲೆ ಹೊರಡುವ ದನಿ ಮಾತ್ರ ಈಗಷ್ಟೇ ಎದ್ದವರದ್ದಲ್ಲ.

“ನಮಸ್ಕಾರ ಮೇಷ್ಟ್ರೇ, ಎದ್ದಿದ್ದೀರಾ? ಹೌದು, ಅದೇ ವಿಷಯ. ಇಲ್ಲ, ಯಾರಿಗೆ ಅಂತ ನಾನು ಹೇಳೋ ಹಾಗಿಲ್ಲ. ನೀವು ಬೈದ್ರೂ ಬೇಜಾರಿಲ್ಲ, ಹೇಳೋ ಹಾಗಿಲ್ಲ.”

ಅತ್ತಲಿನ ಮೇಷ್ಟ್ರು ಬೈದೇಬಿಡುತ್ತಾರೆ. ಕರೆ ಕಟ್ಟಾಗುತ್ತದೆ. “ಬೋಣಿ ಆಯ್ತು,” ಎನ್ನುತ್ತಾರೆ ಇವರು, ನನ್ನ ಕಡೆ ತಿರುಗಿ, ನಗದೆ.

ಕಟ್ಟಡದವರೆಲ್ಲ ಇವರನ್ನು ಕರೆಯುವುದು ಫೋನಕ್ಕ ಎಂದು. ಇವರ ಕೆಲಸವೇನೆಂದು ಕೇಳಿದರೆ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಫೋನಕ್ಕ ಡೊಮೈನ್ ಹೆಸರುಗಳನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ನಾವು ಟೈಪ್ ಮಾಡುವ ವಿಳಾಸಗಳನ್ನು, ದೊಡ್ಡ ಕಂಪನಿಗಳಿಗೆ ಕೊಡಿಸುತ್ತಾರೆ. ಕಂಪನಿಯೊಂದು ಹೊಸ ಹೆಸರು ಇಟ್ಟುಕೊಳ್ಳಬೇಕು ಎನ್ನುವಾಗ ಆ ವಿಳಾಸ ಯಾರದೋ ಕೈಯಲ್ಲಿ ವರ್ಷಗಟ್ಟಲೆಯಿಂದ ಇರುತ್ತದೆ. ಈ ಮೇಷ್ಟ್ರು ತಮ್ಮ ನಾಯಿಯ ಹೆಸರಿನಲ್ಲಿ ಒಂದು ವಿಳಾಸ ಮಾಡಿಸಿಟ್ಟಿದ್ದಾರೆ. ಕಂಪನಿಯೇ ಹೋಗಿ ಕೇಳಿದರೆ ಬೆಲೆ ಆಕಾಶಕ್ಕೇರುತ್ತದೆ. ಹಾಗಾಗಿ ನಡುವೆ ಒಂದು ಆಫೀಸು, ಆ ಆಫೀಸಿಗೆ ಫೋನಕ್ಕನಂಥ ಕೆಲವು ದನಿಗಳು. ಮನೆಯಿಂದಲೇ ಕರೆ, ಪ್ರತಿ ಕರೆಯೂ ರೆಕಾರ್ಡ್.

ಬೆಳಗಿನ ಜಾವವೇ ಯಾಕೆ? “ಆ ಹೊತ್ತಿಗೆ ಎದ್ದಿರ್ತೀವಿ ಅಂದವರಿಗೆ ಮಾತ್ರ ಮಾಡ್ತೀನಿ. ಅಂಗಡಿಗೋ ಆಫೀಸಿಗೋ ಹೊರಟಮೇಲೆ ಜನ ಬೇರೆಯವರಾಗಿಬಿಡ್ತಾರೆ. ಮುಖ ತೊಳೆಯೋಕೆ ಮುಂಚೆ ಎಲ್ಲರೂ ಸ್ವಲ್ಪ ನಿಜ ಮಾತಾಡ್ತಾರೆ.”

ಮಾರುವವರು ಬೆಲೆ ಕಟ್ಟುವ ಬಗೆ ಕೇಳಿದೆ. ಬಿಸಿನೀರಿನ ಲೋಟ ತಿರುಗಿಸುತ್ತ ಹೇಳುತ್ತಾರೆ: “ಚಿಕ್ಕದಾಗಿದ್ರೆ ಜಾಸ್ತಿ. ಒಂದು ಸಲ ಕೇಳಿ ತಪ್ಪಿಲ್ಲದೆ ಬರೆಯೋ ಹಾಗಿದ್ರೆ ಇನ್ನೂ ಜಾಸ್ತಿ. ಮಧ್ಯೆ ಗೆರೆ, ಅಂಕಿ ಇದ್ರೆ ಯಾರೂ ಮೂಸೋಲ್ಲ. ಅಂಥದೇ ಇನ್ನೊಂದು ಎಷ್ಟಕ್ಕೆ ಹೋಯ್ತು ಅಂತ ವಿಚಾರಿಸ್ತಾರೆ. ಮನೆ ಕಟ್ಟೋ ಜಾಗವೂ ಸೈಟೇ, ಇದೂ ಸೈಟೇ, ವ್ಯಾಪಾರವೂ ಒಂದೇ ಥರ! ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಒಂದೇ ಮಾತು ಕೇಳ್ತಾರೆ, ತಗೊಳ್ಳೋರು ಯಾರು ಅಂತ. ಅದು ಗೊತ್ತಾದ್ರೆ ಹಿಂದಿನ ಲೆಕ್ಕವೆಲ್ಲ ನೀರುಪಾಲು.”

ಮೊದಲು ಇವರು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಮಗು ಹುಟ್ಟಿತೇ ಎಂದು ಕೇಳುವವರು, ದೇಹ ಯಾವಾಗ ಕೊಡುತ್ತೀರಿ ಎಂದು ಕೇಳುವವರು, ಎಲ್ಲರ ಕರೆಯೂ ಇವರ ಕಿವಿ ದಾಟಿಯೇ ಒಳಗೆ ಹೋಗಬೇಕು. ಸಿಟ್ಟಿನಲ್ಲಿ ಯಾರಾದರೂ ಆಡಬಾರದ್ದು ಆಡಿದರೆ, “ಲೈನ್ ಸರಿಯಿಲ್ಲ, ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ” ಎನ್ನುತ್ತಿದ್ದರಂತೆ. ಎರಡನೇ ಸಲ ಹೇಳುವಾಗ ಮಾತು ತಾನಾಗಿ ಮೆತ್ತಗಾಗುತ್ತಿತ್ತು. ಆಮೇಲೆ ‘ಒಂದು ಒತ್ತಿ, ಎರಡು ಒತ್ತಿ’ ಎನ್ನುವ ಯಂತ್ರ ಬಂತು, ಇವರ ಕುರ್ಚಿ ಹೋಯಿತು. ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಮನೆಯಲ್ಲಿ ಉಳಿದವರು ಇವರು ಮತ್ತು ಅತ್ತೆ.

ಅತ್ತೆಗೆ ಮೊಣಕಾಲು ಹಿಡಿದುಕೊಂಡಿದೆ. ಲಿಫ್ಟ್ ಇಲ್ಲದ ಕಟ್ಟಡ. ಮೆಟ್ಟಿಲಿಳಿದು ಹೊರಗೆ ಹೋಗಿ ಎಷ್ಟೋ ತಿಂಗಳಾದವು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಸೊಸೆ ಎಷ್ಟೋ ದಿನ ಫ್ರಿಜ್ಜಿನ ಪ್ಲಗ್ ತಿರುಗಿ ಹಾಕುವುದನ್ನು ಮರೆಯುತ್ತಾರೆ. “ಹೆಸರು ಬಂತೋ ಇಲ್ವೋ, ಹಾಲಂತೂ ಹೋಯ್ತು,” ಎಂದು ಅತ್ತೆ ಒಳಕೋಣೆಯಿಂದಲೇ ಕೂಗುತ್ತಾರೆ.

ಫೋನಕ್ಕನಿಗೆ ಸಂಬಳವಿಲ್ಲ. ಕಂಪನಿ ಮನಸ್ಸಿನಲ್ಲಿಟ್ಟುಕೊಂಡ ಬೆಲೆಗಿಂತ ಎಷ್ಟು ಕಡಿಮೆಗೆ ಮುಗಿಯುತ್ತದೋ, ಆ ಉಳಿತಾಯದಲ್ಲಿ ಇವರಿಗೊಂದು ಪಾಲು. ಮಾರುವವರು ಮೋಸಹೋದಷ್ಟೂ ಇವರಿಗೆ ಲಾಭ. ಅದನ್ನು ಹೇಳುವಾಗ ಅವರು ನನ್ನನ್ನು ನೋಡುವುದಿಲ್ಲ.

ಹೋದ ವರ್ಷ ಒಂದು ಚಿಕ್ಕ ಹೆಸರು ಬೇಕಾಗಿತ್ತು. ಕೊಳ್ಳುವ ಕಂಪನಿ ಎಷ್ಟು ದೊಡ್ಡದೆಂದರೆ, ವಿಳಾಸ ಕೈಗೆ ಬರುವ ಮೊದಲೇ ಆ ಹೆಸರಿನ ಬೋರ್ಡು ಬರೆಸಿಬಿಟ್ಟಿತ್ತು. ವಿಳಾಸದ ಒಡೆಯ ದೋಣಿ ಎಂಜಿನ್ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್. ಮಾತು ತೊದಲುತ್ತದೆ. ಫೋನಕ್ಕನಿಗಿಂತ ಮುಂಚೆ ಕರೆ ಮಾಡಿದವರೆಲ್ಲ ಅವರು ‘ಹಲೋ’ ಮುಗಿಸುವುದರೊಳಗೆ ಇಟ್ಟುಬಿಟ್ಟಿದ್ದರು.

“ನಾನು ಕಾಯ್ತಿದ್ದೆ. ಅದೇನು ದೊಡ್ಡ ವಿಷಯ ಅಲ್ಲ, ಆಸ್ಪತ್ರೇಲಿ ಅಳೋರು ಮುಗಿಸೋ ತನಕ ಕಾದು ರೂಢಿ. ಷೆಡ್ಡು ತೆಗೆಯೋಕೆ ಮುಂಚೆ ಮಾಡ್ತಿದ್ದೆ. ಮೊದಮೊದಲು ಮಾರೋದೇ ಇಲ್ಲ ಅಂದ್ರು. ಆ ಹೆಸರು ಯಾಕಿಟ್ರಿ ಅಂತ ಒಂದಿನ ಕೇಳ್ದೆ. ‘ನನ್ನ ಬಾಯಲ್ಲಿ ಎಲ್ಲೂ ಸಿ... ಸಿಕ್ಕಿಹಾಕ್ಕೊಳ್ಳದೆ ಬರೋ ಪದ ಅದೊಂದೇ’ ಅಂದ್ರು.”

ಆ ವಿಳಾಸದಲ್ಲಿದ್ದ ಪುಟದಲ್ಲಿ ತೊದಲುವವರು ತಮ್ಮ ದನಿ ರೆಕಾರ್ಡ್ ಮಾಡಿ ಹಾಕುತ್ತಿದ್ದರು. ಯಾರೂ ಅವಸರಪಡಿಸದೆ ಮಾತಾಡಲು ಅವರಿಗಿದ್ದ ಜಾಗ ಅದು. ಎಲ್ಲರೂ ಎದುರುಬದುರು ಕೂತು ಮಾತಾಡುವ ಒಂದು ಕೋಣೆ ಬೇಕು ಎನ್ನುವುದು ಮೆಕ್ಯಾನಿಕ್ ಅವರ ಬಹುದಿನದ ಆಸೆ. ಕೊನೆಗೊಂದು ಬೆಳಿಗ್ಗೆ ಅವರಾಗಿಯೇ ಬೆಲೆ ಹೇಳಿದರು: ಒಂದು ಚಿಕ್ಕ ಕೋಣೆಯ ವರ್ಷದ ಬಾಡಿಗೆ. ಕಂಪನಿ ಕೊಡಲು ತಯಾರಿದ್ದ ಮೊತ್ತದಲ್ಲಿ ಆ ಕೋಣೆಯಿದ್ದ ಕಟ್ಟಡವನ್ನೇ ಕೊಳ್ಳಬಹುದಿತ್ತು.

ಹೂಂ ಎಂದರೆ ವ್ಯವಹಾರ ಮುಗಿಯುತ್ತಿತ್ತು. ಫೋನಕ್ಕನ ಪಾಲಿನಲ್ಲಿ ಅತ್ತೆಯನ್ನು ನೆಲಮಹಡಿಯ ಮನೆಗೆ ಕರೆದೊಯ್ಯಬಹುದಿತ್ತು. ಕಡಿಮೆಯಾಯಿತು ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ರೆಕಾರ್ಡ್ ಆಗುತ್ತಿದೆ.

“ಏನೂ ತೋಚಲಿಲ್ಲ. ಹಳೇ ಅಭ್ಯಾಸ, ಬಾಯಿಗೆ ಬಂದುಬಿಡ್ತು. ‘ಲೈನ್ ಸರಿಯಿಲ್ಲ ಸರ್, ನೀವು ಹೇಳಿದ್ದು ಕೇಳಿಸಲಿಲ್ಲ. ಯಾರಾದ್ರೂ ತಿಳಿದೋರನ್ನ ಕೇಳಿ, ನಾಳೆ ಹೇಳಿ’ ಅಂದೆ.”

ಅತ್ತ ಕಡೆಯಿಂದ ಮೆಕ್ಯಾನಿಕ್ ಹೇಳಿದರು: “ಎ... ಎಲ್ಲರೂ ಕೇಳಿಸಲಿಲ್ಲ ಅಂತಾನೇ ಅನ್ನೋದು. ನೀ... ನೀವು ಅನ್ನಲ್ಲ ಅಂದ್ಕೊಂಡಿದ್ದೆ.” ಫೋನ್ ಇಟ್ಟರು. ಮಾರನೆಯ ದಿನ ಎತ್ತಲಿಲ್ಲ. ಅದರ ಮಾರನೆಯ ದಿನವೂ ಎತ್ತಲಿಲ್ಲ.

ಆ ಸಿಟ್ಟಿನಲ್ಲೇ ಅವರು ಹೆಸರು ಮಾರಿಸಿಕೊಡುವ ಒಬ್ಬ ದಲ್ಲಾಳಿಯನ್ನು ಹಿಡಿದರು. ಆ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದವರು ಯಾರೆಂದು ದಲ್ಲಾಳಿ ಹುಡುಕಿದ. ಮುಖ ಮುಚ್ಚಿಕೊಂಡು ಬಂದವರು ಯಾರೆಂದು ತಿಳಿಯಿತು. ಬೆಲೆ ಒಂದೇ ನೆಗೆತಕ್ಕೆ ಎಲ್ಲಿಗೋ ಹೋಯಿತು. ಬೋರ್ಡು ಬರೆಸಿಯಾಗಿತ್ತಲ್ಲ, ಕಂಪನಿ ಹಲ್ಲು ಕಚ್ಚಿಕೊಂಡು ಕೊಟ್ಟಿತು.

ಉಳಿತಾಯವೇ ಇಲ್ಲದ ಮೇಲೆ ಫೋನಕ್ಕನಿಗೆ ಪಾಲೆಲ್ಲಿ? ಎಡವಿದ್ದೆಲ್ಲಿ ಎಂದು ಆಫೀಸಿನವರು ರೆಕಾರ್ಡ್ ಹಾಕಿ ಕೇಳಿದರು. ಮೇಲ್ವಿಚಾರಕ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ಮೇಡಂ, ಲೈನ್ ಚೆನ್ನಾಗೇ ಇದೆಯಲ್ಲ?” ಅಂದಿನಿಂದ ದೊಡ್ಡ ಕೆಲಸಗಳು ಬರುತ್ತಿಲ್ಲ. ಬೈಯುವವರು, ಎತ್ತದವರು, ಒಡೆಯ ಸತ್ತು ಮಕ್ಕಳು ಜಗಳವಾಡುತ್ತಿರುವ ಹೆಸರುಗಳು ಮಾತ್ರ ಇವರ ಪಾಲಿಗೆ. ಹದಿನೈದು ಕರೆ ಮಾಡಿದರೆ ಐದಾರು ಜನ ಎತ್ತುತ್ತಾರೆ.

ಅತ್ತೆಗೆ ವಿಷಯ ಗೊತ್ತು. “ಕೆಳಗಿಳಿದು ನಾನೇನು ಓಟಕ್ಕೆ ಹೋಗಬೇಕಿತ್ತಾ? ಬಿಡಿ ಅತ್ಲಾಗೆ,” ಎನ್ನುತ್ತಾರೆ ನನಗೆ. ಸೊಸೆ ಅತ್ತ ಹೋದಮೇಲೆ ದನಿ ತಗ್ಗಿಸುತ್ತಾರೆ: “ಅವಳು ಆ ಮನುಷ್ಯನ ಮಾತು ನೆನೆಸ್ಕೊಂಡು ಊಟ ಬಿಟ್ಟಿದ್ದಳು. ದುಡ್ಡು ಹೋಯ್ತು ಅನ್ನೋ ಕಾರಣಕ್ಕಲ್ಲ.”

ಮೆಕ್ಯಾನಿಕ್ ಅವರ ಪುಟ ಈಗ ಒಂದು ಉದ್ದನೆಯ, ಯಾರಿಗೂ ಬೇಡದ ವಿಳಾಸಕ್ಕೆ ಹೋಗಿದೆ. ಅವರ ಗುಂಪಿಗೆ ಸ್ವಂತದ್ದೊಂದು ಹಾಲ್ ಆಗಿದೆ. ಅದರ ಫೋಟೊ ಆ ಪುಟದಲ್ಲೇ ಇದೆ: ಗೋಡೆಗುಂಟ ಕುರ್ಚಿಗಳು, ದೊಡ್ಡ ಕಿಟಕಿಗಳು. ಫೋನಕ್ಕ ಅದನ್ನು ನನಗೆ ತೋರಿಸುತ್ತಾರೆ, ಬೆರಳಿಂದ ದೊಡ್ಡದು ಮಾಡಿ, ಒಂದೊಂದೇ ಕುರ್ಚಿಯತ್ತ ಸರಿಸುತ್ತ.

ಒಂದು ಸಲ ಅವರಿಗೆ ಫೋನ್ ಮಾಡಿ ಇದ್ದದ್ದು ಹೇಳಿಬಿಡಬಾರದೇ? ಒಪ್ಪಂದ ಬಿಡುವುದಿಲ್ಲ. ವ್ಯವಹಾರ ಮುಗಿದ ಮೇಲೆ ಮಾರಿದವರನ್ನು ಮತ್ತೆ ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ಇರುವ ಕೆಲಸವೂ ಹೋಗುತ್ತದೆ. ಈ ಬರಹಕ್ಕೆ ಫೋನಕ್ಕ ಒಪ್ಪಿದ್ದೂ ಯಾರ ಗುರುತೂ ಸಿಗಬಾರದೆಂಬ ಮಾತಿನ ಮೇಲೆ.

ಹೊರಗೆ ಪೂರ್ತಿ ಬೆಳಗಾಗಿದೆ. ಮುಂದಿನ ನಂಬರು ಒತ್ತುವ ಮುನ್ನ ಫೋನಕ್ಕ ಹೆಡ್‌ಫೋನ್ ಕತ್ತಿಗಿಳಿಸಿದ್ದಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

“ನೆಲಮಹಡಿ ಮನೆ ಇನ್ಯಾವಾಗಲಾದ್ರೂ ಆಗುತ್ತೆ, ಆಗದಿದ್ರೂ ಸರಿ,” ಎನ್ನುತ್ತಾರೆ. ಹೆಡ್‌ಫೋನ್ ಮತ್ತೆ ಕಿವಿಗೇರಿಸುತ್ತ ಹೇಳುತ್ತಾರೆ: “ಅವತ್ತು ಅವರು ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತ್ತು. ಅಷ್ಟು ಅವರಿಗೆ ಗೊತ್ತಾಗಬೇಕು, ನೋಡಿ. ಅಷ್ಟೇ.”