ಹಲ್ಲಿನಿಂದ ಕಡಿದ ದಾರ

ಧಾರವಾಡದಿಂದ ಆರ್.ಟಿ. ನಗರಕ್ಕೆ ಬಂದ ನಮಗೆ ಮೊದಲು ಪರಿಚಯವಾದವರು ಪಕ್ಕದ ಮನೆಯ ಖುರ್ಷೀದ್ ಆಪಾ. ರವಿಕೆ ಹೊಲಿಯುತ್ತಿದ್ದರು. ಹೊಲಿಗೆ ಮುಗಿದೊಡನೆ ದಾರವನ್ನು ಹಲ್ಲಿನಿಂದಲೇ ಪಟ್ಟನೆ ಕಡಿಯುವುದು ಅವರ ರೂಢಿ. ಪಕ್ಕದಲ್ಲೇ ಬಿದ್ದಿದ್ದ ಕತ್ತರಿಯನ್ನು ಮುಟ್ಟುತ್ತಲೂ ಇರಲಿಲ್ಲ.

1979ರಲ್ಲಿ ಅವರಿಗೆ ಕೆಮ್ಮು ಹತ್ತಿತು. ಸಂಜೆಯಾದರೆ ಜ್ವರ, ಮಲಗಿದರೆ ದಿಂಬು ಒದ್ದೆಯಾಗುವಷ್ಟು ಬೆವರು, ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಮೈ ಇಳಿದು ಕಡ್ಡಿಯಾದರು. ಕಫವನ್ನು ಮೂರು ಸಲ ಪರೀಕ್ಷಿಸಿದರೂ ಕ್ಷಯದ ಕ್ರಿಮಿ ಸಿಗಲಿಲ್ಲ. ಆದರೂ ಕ್ಷಯವೆಂದೇ ಮೂರು ತಿಂಗಳು ಸೂಜಿ ಚುಚ್ಚಿಸಿಕೊಂಡರು. ಬಾಯಿಗಿಟ್ಟ ದಾರವೆಂದು ಗಿರಾಕಿಗಳು ಒಬ್ಬೊಬ್ಬರಾಗಿ ಬಟ್ಟೆ ವಾಪಸ್ ಒಯ್ದರು. ಯಾರನ್ನೋ ಏಕೆ ಬೈಯಲಿ, ನಾನೂ ಎರಡು ರವಿಕೆ ಕಣ ಹಿಂದಕ್ಕೆ ತಂದವಳೇ! ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಪಾ ಅವನ್ನು ಮಡಿಸಿ ಕೊಟ್ಟರು. ಮನೆಯಲ್ಲೂ ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡರು.

ಮಗಳು ನಜ್ಮುನ್ನೀಸಾ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಡವೆಂದು ಆಪಾ ಕಾಗದ ಬರೆಸಿದ ದಿನ ನನಗೆ ಸುಮ್ಮನೆ ಕೂರಲಾಗಲಿಲ್ಲ. ಹೆಬ್ಬಾಳಕ್ಕೆ ಒಬ್ಬ ಹೊಸ ಡಾಕ್ಟರು ಬಂದಿದ್ದರು. ಹಟ ಮಾಡಿ ಅಲ್ಲಿಗೆ ಕರೆದೊಯ್ದೆ.

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎರಡೂ ಶ್ವಾಸಕೋಶಗಳ ಅಂಚಿನಲ್ಲಷ್ಟೇ ಬಿಳಿ ಮಬ್ಬು. ರಕ್ತ ಪರೀಕ್ಷೆ ಮಾಡಿಸಿದರೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ನೂರಕ್ಕೆ ನಲವತ್ತು! ನಾಲ್ಕೈದು ಇದ್ದರೆ ಸರಿಯಂತೆ.

“ಇದು ಟಿ.ಬಿ. ಅಲ್ಲಮ್ಮ,” ಎಂದರು ಡಾಕ್ಟರು. “ಆ ಕಣಗಳೇ ಶ್ವಾಸಕೋಶದಲ್ಲಿ ತುಂಬ್ಕೊಂಡಿವೆ. ಇದು ಬೇರೇನೇ ಕಾಯಿಲೆ ಅಂತ ಹೊರದೇಶದ ಡಾಕ್ಟ್ರುಗಳು ವಿವರವಾಗಿ ಬರೆದು ಇನ್ನೂ ಹತ್ತು ವರ್ಷ ಆಯ್ತಷ್ಟೆ.”

ಆಪಾ ಕೇಳಿದ್ದು ಒಂದೇ. “ಮೊಮ್ಮಗೂನ ಎತ್ಕೋಬಹುದಾ ಡಾಕ್ಟ್ರೇ?”

“ಧಾರಾಳವಾಗಿ. ಇದು ಯಾರಿಗೂ ಅಂಟಲ್ಲ. ಆದ್ರೆ ವಾಸಿ ಆಯ್ತು ಅಂತ ನಾನು ಕೊಡೋ ಮಾತ್ರೆ ನೀವೇ ನಿಲ್ಲಿಸ್ಬೇಡಿ, ತಿರುಗಿ ಬರುತ್ತೆ.”

ಸ್ಟಿರಾಯ್ಡ್ ಮಾತ್ರೆ ನುಂಗಿದ ಮೂರನೇ ದಿನ ಜ್ವರ ಬಿಟ್ಟಿತು. ಎರಡು ವಾರದಲ್ಲಿ ಎಕ್ಸ್‌ರೇ ತಿಳಿಯಾಯಿತು. ಆ ಡಾಕ್ಟರ ಹೊಟ್ಟೆ ತಣ್ಣಗಿರಲಿ. ನಜ್ಮುನ್ನೀಸಾ ತವರಿಗೆ ಬಂದಳು, ಹೆಣ್ಣು ಹಡೆದಳು.

ಕೂಸಿನ ಅಂಗಿಗೆಂದು ನನ್ನದೊಂದು ಹಳೆಯ ಮೆತ್ತನೆಯ ಸೀರೆ ಒಯ್ದು ಕೊಟ್ಟೆ. ಆಪಾ ನನ್ನೆದುರೇ ಹೊಲಿದು ಮುಗಿಸಿ, ದಾರ ತುಂಡರಿಸಲು ಕತ್ತರಿಗೆ ಕೈ ಚಾಚಿದರು. ನಾನು ಅದನ್ನು ಕಸಿದುಕೊಂಡೆ.

“ಕತ್ರಿ ಯಾಕ್ರೀ ಆಪಾ? ಹಲ್ಲಿಲೇ ಕಡೀರಿ.”

ಅವರು ನನ್ನನ್ನೇ ನೋಡಿದರು. ಆಮೇಲೆ ಪಟ್ಟನೆ ಕಡಿದರು. ಮೊಮ್ಮಗಳಿಗೆ ಅಂಗಿ ತೊಡಿಸಿ ಎದೆಗೆ ಅವಚಿಕೊಂಡು ಕೇಳಿದರು:

“ಚನ್ನಕ್ಕಾ, ಆ ಎರಡು ರವಿಕೆ ಕಣ ಇನ್ನೂ ಇದ್ಯಾ? ತಗೊಂಡ್ಬನ್ನಿ, ಹೊಲ್ಕೊಡ್ತೀನಿ.”

ಅಳುತ್ತಲೇ ಮನೆಗೆ ಓಡಿದೆ.