ಕೌದಿಯ ಮೂಲೆಯೊಳಗಿನ ತುತ್ತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಅಷ್ಟೇ ಸಲ ಎದ್ದು ಹೋಗಿದ್ದೇನೆ. ಓದಿದವರು ನಗುತ್ತಾರೆಂಬ ಹಿಂಜರಿಕೆ ಒಂದು. ಇನ್ನೊಂದು ಅದಕ್ಕಿಂತ ದೊಡ್ಡದು. ಆ ಮಧ್ಯಾಹ್ನ ನಡೆದದ್ದನ್ನು ಹೇಳಬೇಕಾದರೆ ಅದಕ್ಕೂ ಮೊದಲು ನಾನು ನಡೆದುಕೊಂಡ ರೀತಿಯನ್ನೂ ಹೇಳಬೇಕಾಗುತ್ತದೆ. ಅದನ್ನು ಬಿಟ್ಟು ಇದನ್ನಷ್ಟೇ ಹೇಳಿ ಮುಗಿಸಲು ನೋಡಿದೆ. ಆಗಲಿಲ್ಲ.

ದೆವ್ವ, ಶಕುನ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ವಿಜಯವಾಡದ ಆಟೋನಗರದಲ್ಲಿ ಲಾರಿಗಳ ಸೀಟು ಹೊಲಿಯುವುದು ನನ್ನ ಕಸುಬಾಗಿತ್ತು. ಅಪಘಾತಕ್ಕೆ ಸಿಕ್ಕ ಲಾರಿಗಳೂ ನಮ್ಮಲ್ಲಿಗೆ ಬರುತ್ತಿದ್ದವು. ಚಾಲಕ ಸತ್ತ ಕ್ಯಾಬಿನ್ನಿನೊಳಗೆ ಒಬ್ಬರೇ ಹತ್ತಲು ನಮ್ಮ ಕೆಲಸಗಾರರು ಹೆದರುತ್ತಿದ್ದರು. ನಾನು ಮಧ್ಯಾಹ್ನ ಉಂಡು ಅದೇ ಸೀಟಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದೆ. ಅಂಥ ಮನುಷ್ಯ ಇದನ್ನು ಹೇಳುತ್ತಿದ್ದಾನೆ ಎಂಬುದು ನಿಮ್ಮ ನೆನಪಿನಲ್ಲಿರಲಿ.

ಹಳೆಯ ಕೌದಿಗಳ ವ್ಯಾಪಾರಕ್ಕೆ ನಾನು ಬಂದದ್ದೂ ಆ ಸೀಟುಗಳಿಂದಲೇ. ನಮ್ಮ ಗದಗ, ಬಾಗಲಕೋಟೆ ಕಡೆಯಿಂದ ಬರುವ ಲಾರಿಗಳ ಸೀಟು ಬಿಚ್ಚಿದರೆ ರೆಕ್ಸಿನ್ನಿನ ಕೆಳಗೆ ಎಷ್ಟೋ ಸಲ ಮಡಿಸಿಟ್ಟ ಕೌದಿ ಸಿಗುತ್ತಿತ್ತು. ದೂರದ ದಾರಿಯಲ್ಲಿ ಬೆನ್ನು ನೋಯಬಾರದೆಂದು ಮನೆಯ ಹೆಂಗಸರು ಕೊಟ್ಟು ಕಳಿಸಿದ್ದು. ಮೊದಮೊದಲು ಅವನ್ನು ಹರಿದು ಗ್ರೀಸ್ ಒರೆಸಲು ಕೊಡುತ್ತಿದ್ದೆ. ಒಂದು ದಿನ ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸದಲ್ಲಿದ್ದ ನಮ್ಮ ಕಡೆಯ ಎಂಜಿನಿಯರೊಬ್ಬರು ಜೀಪಿನ ಸೀಟು ಮಾಡಿಸಲು ಬಂದವರು, ಮೂಲೆಯಲ್ಲಿ ಬಿದ್ದಿದ್ದ ಒಂದನ್ನು ಕೊಡವಿ ಬಿಡಿಸಿ, ಕೆನ್ನೆಗೆ ಒತ್ತಿಕೊಂಡು ಹಾಗೆಯೇ ನಿಂತುಬಿಟ್ಟರು. ಅದನ್ನು ಒಯ್ದರು. ಅವರ ಮನೆಯಲ್ಲಿ ನೋಡಿದವರು ನಮಗೂ ಬೇಕೆಂದರು. ಅಲ್ಲಿಂದ ಮುಂದೆ ಚಾಲಕರಿಗೆ ಹೊಸ ಫೋಮ್ ಹಾಕಿಕೊಟ್ಟು ಹಳೆಯ ಕೌದಿ ತೆಗೆದುಕೊಳ್ಳತೊಡಗಿದೆ. ತೆಲುಗಿನವರು ಬೊಂತ ಎನ್ನುವ ಅವರ ಕಡೆಯ ಕೌದಿಗಳನ್ನೂ ಕೊಂಡೆ. ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು.

ಕೌದಿಯನ್ನು ನೋಡುವುದಕ್ಕೂ ಒಂದು ರೀತಿ ಇದೆ. ಮೇಲಿನ ಬಣ್ಣಕ್ಕೆ ಮರುಳಾಗಬಾರದು, ತಿರುವಿ ಹಿಂಬದಿ ನೋಡಬೇಕು. ಹೊಲಿಗೆ ಓಡುವ ದಾರಿ ಅಲ್ಲಿ ಕಾಣುತ್ತದೆ. ಹೊಲಿದವಳಿಗೆ ಬೇಸರ ಬಂದದ್ದು, ಮಗು ಅತ್ತಾಗ ಎದ್ದು ಹೋದದ್ದು, ದೀಪ ಸಾಲದೆ ಸಾಲು ವಾರೆಯಾದದ್ದು ಎಲ್ಲ ಅಲ್ಲಿ ಗೊತ್ತಾಗುತ್ತದೆ. ಒಳಗಿನ ಪದರವನ್ನು ಬೆರಳಿನಿಂದ ತಿಕ್ಕಿದರೆ ಹಳೆಯ ಧೋತರ ಯಾವುದು, ಇಳಕಲ್ ಸೀರೆ ಯಾವುದು ಎಂದು ಹೇಳಬಹುದು. ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ವೈನಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಲಾರಿ ಚಾಲಕ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ವೈನಿ ವಿಜಯವಾಡದಲ್ಲಿ ನಮ್ಮೊಂದಿಗೇ ಉಳಿದರು. ನಾನು ತಂದ ಕೌದಿಗಳನ್ನು ಕಾಲುವೆಯ ನೀರಿನಲ್ಲಿ ಒಗೆದು, ಹರಿದಲ್ಲಿ ಅದೇ ಕಾಲದ ಬಟ್ಟೆ ಹುಡುಕಿ ತೇಪೆ ಹಾಕುತ್ತಿದ್ದರು. ಅವರದು ಎಡಗೈ. ಹಾಗಾಗಿ ಅವರ ಹೊಲಿಗೆ ಉಳಿದವರ ಹೊಲಿಗೆಗಿಂತ ಎದುರು ದಿಕ್ಕಿಗೆ ವಾಲುತ್ತಿತ್ತು. ಎಲ್ಲ ಮುಗಿದ ಮೇಲೆ ಒಂದು ಮೂಲೆಯನ್ನು ಸ್ವಲ್ಪ ಬಿಚ್ಚಿ, ರೊಟ್ಟಿಯ ಚೂರಿಗೆ ಬೆಲ್ಲ ಸವರಿ ಒಳಗಿಟ್ಟು ಮುಚ್ಚುತ್ತಿದ್ದರು. ಕೌದಿಯ ಹೊಟ್ಟೆ ತುಂಬಿಸುವ ಈ ಪದ್ಧತಿ ನಮ್ಮ ಊರಿನದು. ಹೊಸ ಕೌದಿಗೆ ಎಲ್ಲರೂ ಮಾಡುತ್ತಾರೆ. ವೈನಿ ಹಳೆಯದಕ್ಕೂ ಮಾಡುತ್ತಿದ್ದರು.

"ಎಷ್ಟ್ ವರ್ಷ ಹಸಗೊಂಡ್ ಕುಂತಿತ್ತೋ ಏನೋ ಆ ಸೀಟಿನಾಗ," ಎನ್ನುತ್ತಿದ್ದರು. "ಹಸದ ಕೌದಿ ಯಾರನ್ನ ಮಲಗಿಸೀತಪಾ, ತಮ್ಮಾ?"

ನಾನು ನಗುತ್ತಿದ್ದೆ.

ವಿಶಾಖಪಟ್ಟಣದ ಮಧುರವಾಡದಲ್ಲಿ ಮೈಸೂರು ಕಡೆಯ ಸುಮಾ ಎಂಬ ಹೆಣ್ಣುಮಗಳಿದ್ದಳು. ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಕೈಯಲ್ಲಿ ಎಳೆಗೂಸು. ನಮ್ಮಲ್ಲಿ ಒಂದು ಕೌದಿ ಕೊಂಡಿದ್ದಳು. ಒಂದು ಬೆಳಿಗ್ಗೆ ಅವಳ ಫೋನು ಬಂತು. ಕೌದಿಯ ಮೂಲೆಗೆ ಕೆಂಪಿರುವೆ ಮುತ್ತಿ ಮಗುವಿನ ತೊಡೆಯೆಲ್ಲ ಕಚ್ಚಿವೆ ಎಂದು ಅಳುತ್ತಾ ಹೇಳಿದಳು. ಅವಳ ಪರಿಚಯದಿಂದಲೇ ನನಗೆ ಅಲ್ಲಿ ಇನ್ನೂ ಹಲವು ಮನೆಗಳು ಸಿಕ್ಕಿದ್ದವು. ಹೆಸರು ಕೆಟ್ಟಿತೆಂದು ನನಗೆ ತಲೆ ಕೆಟ್ಟಿತು.

ಕೆಲಸಗಾರರೆಲ್ಲ ನೋಡುತ್ತಿರುವಾಗ, ಅಂಗಡಿಯಲ್ಲಿದ್ದ ಕೌದಿಗಳನ್ನು ಎಳೆದು ಹಾಕಿ, ರೆಕ್ಸಿನ್ ಕೊಯ್ಯುವ ಚಾಕುವಿನಿಂದ ಒಂದೊಂದರ ಮೂಲೆಯನ್ನೂ ಸೀಳಿ ಒಳಗಿನ ತುತ್ತನ್ನು ಮೋರಿಗೆ ಕೊಡವಿದೆ. ವೈನಿ ಓಡಿ ಬಂದು ಕೈ ಅಡ್ಡ ಹಿಡಿದರು. ಅವರನ್ನು ಯಾವಾಗಲೂ ನೀವು ಎಂದೇ ಮಾತನಾಡಿಸಿದವನು ನಾನು. ಅಂದು ಆ ಮರ್ಯಾದೆಯೂ ಉಳಿಯಲಿಲ್ಲ.

"ಅಣ್ಣ ಹ್ವಾದಮ್ಯಾಲ ನಿನ್ನ ಹೊಟ್ಟಿ ತುಂಬಸಾಕತ್ತೇನಿ, ಅದು ಸಾಲದ? ಈ ಅರಿವಿ ಹೊಟ್ಟಿನೂ ನಾನ ತುಂಬಸಬೇಕೇನು?"

ಅವರ ಎಡಗೈ ಹಾಗೆಯೇ ಕೆಳಗಿಳಿಯಿತು. ನಿಜವಾಗಿ ಯಾರು ಯಾರ ಹೊಟ್ಟೆ ತುಂಬಿಸುತ್ತಿದ್ದರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮರುದಿನ ನನ್ನ ಹೆಂಡತಿ ಬಂದು, "ಏನ್ರೀ, ವೈನಿ ಚೀಲ ಕಟ್ಟಿಕೊಂಡು ನಿಂತಾರ, ಹೋಗಬ್ಯಾಡ್ರಿ ಅಂತ ಒಂದು ಮಾತರ ಹೇಳ್ರಿ," ಎಂದಳು. ನಾನು ಮಿಷನ್ ತುಳಿಯುತ್ತಲೇ ಇದ್ದೆ. ವೈನಿ ಗದಗಿನ ಹತ್ತಿರದ ತಮ್ಮ ತವರಿಗೆ ಹೋದರು.

ಅವರು ಹೋದ ಮೇಲೆ, ಸುಮಾಳಿಗೆ ಬದಲಿಯಾಗಿ ಕೊಡಲೆಂದು ನನ್ನಲ್ಲಿದ್ದ ಎಲ್ಲಕ್ಕಿಂತ ಹಳೆಯ ಕೌದಿಯನ್ನು ತೆಗೆದೆ. ನಾನೇ ಸೀಳಿದ್ದ ಅದರ ಮೂಲೆಯೊಳಗೆ ಬೆರಳಿಟ್ಟು ನೋಡಿದೆ. ಒಂದು ಚೂರೂ ಇರಲಿಲ್ಲ. ಸೀಟಿಗೆ ಬಳಸುವ ಕಪ್ಪು ನೈಲಾನ್ ದಾರದಿಂದ ಮೂಲೆಯನ್ನು ಮಿಷನ್ನಿನಲ್ಲಿ ಹೊಲಿದು ಮುಚ್ಚಿದೆ. ಆಮೇಲೆ ಕೌದಿಯನ್ನು ಮಡಿಸಿ ರೆಕ್ಸಿನ್ನಿನಲ್ಲಿ ಸುತ್ತಿ, ಆ ಗಂಟಿನ ಬಾಯನ್ನೂ ಹೊಲಿದುಬಿಟ್ಟೆ. ರೈಲಿನಲ್ಲಿ ಯಾರೂ ಬಿಚ್ಚಿ ನೋಡಬಾರದೆಂದು ನಾನು ಯಾವಾಗಲೂ ಹಾಗೆ ಮಾಡುತ್ತಿದ್ದೆ. ಮರುದಿನ ಬೆಳಿಗ್ಗೆ ವಿಶಾಖಪಟ್ಟಣದ ಗಾಡಿ ಹತ್ತಿದೆ. ಗಂಟು ದಾರಿಯುದ್ದಕ್ಕೂ ನನ್ನ ಕಾಲಡಿಯಲ್ಲೇ ಇತ್ತು.

ಇಂಥ ಕಥೆಗಳಿಗೆ ರಾತ್ರಿ ಬೇಕು, ಗಾಳಿ ಬೇಕು, ನಾಯಿ ಊಳಿಡಬೇಕು. ನಾನು ಹೇಳುತ್ತಿರುವುದು ಬಿಸಿಲು ಚುರುಗುಟ್ಟುವ ಮಧ್ಯಾಹ್ನದಲ್ಲಿ, ಫ್ಯಾನು ತಿರುಗುತ್ತಿದ್ದ ಹೊಸ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ನಡೆದದ್ದು. ಸುಮಾ ಎದುರಿಗೆ ಕುಳಿತಿದ್ದಳು, ಮಗು ಅವಳ ತೊಡೆಯ ಮೇಲಿತ್ತು.

"ಇದ್ರಲ್ಲಿ ಏನೂ ಇಲ್ಲ ತಾನೆ?" ಎಂದು ಕೇಳಿದಳು.

"ನನ್ನ ಮಕ್ಕಳಾಣೆಗೂ ಇಲ್ಲಮ್ಮಾ. ನಾನೇ ಬಿಚ್ಚಿ, ನಾನೇ ಹೊಲಿದದ್ದು," ಎಂದೆ.

ಬ್ಲೇಡಿನಿಂದ ಗಂಟಿನ ಹೊಲಿಗೆ ಕೊಯ್ದೆ. ಹೊಲಿಗೆ ನನ್ನದೇ, ಎಲ್ಲಿಯೂ ಬಿಚ್ಚಿರಲಿಲ್ಲ. ಕೌದಿಯನ್ನು ನೆಲದ ಮೇಲೆ ಹಾಸಿ, ಕಪ್ಪು ದಾರ ತೋರಿಸಲೆಂದು ಆ ಮೂಲೆಯನ್ನು ಎತ್ತಿ ಹಿಡಿದೆ.

ಕಪ್ಪು ದಾರ ಇರಲಿಲ್ಲ. ನೈಲಾನಿನ ಒಂದು ಎಳೆಯೂ ಇರಲಿಲ್ಲ. ಮೂಲೆ ಬಿಳಿಯ ಹತ್ತಿ ದಾರದಲ್ಲಿ, ಕೈಹೊಲಿಗೆಯಲ್ಲಿ ಮುಚ್ಚಿತ್ತು. ಸಣ್ಣ ಸಣ್ಣ ಹೊಲಿಗೆಗಳು ಎದುರು ದಿಕ್ಕಿಗೆ ವಾಲಿದ್ದವು. ಬೆರಳಿನಿಂದ ಒತ್ತಿದೆ. ಒಳಗೆ ಮೆತ್ತನೆಯದೊಂದು ತುತ್ತು ಇತ್ತು. ಅಂದು ಬೆಳಿಗ್ಗೆ ಬಡಿದ ರೊಟ್ಟಿಯ ಹಾಗೆ ಅದು ಬೆರಳಿಗೆ ಮಣಿಯಿತು. ಬೆಲ್ಲದ ವಾಸನೆ ಬಂತು. ವಾಸನೆ ನನಗೊಬ್ಬನಿಗೇ ಬಂದದ್ದಲ್ಲ.

"ಬೆಲ್ಲ ಅಲ್ವಾ ಇದು?" ಎಂದು ಸುಮಾ ಬಗ್ಗಿದಳು. "ಏನ್ರೀ ಇದು! ಮಕ್ಕಳ ಮೇಲೆ ಆಣೆ ಬೇರೆ ಹಾಕಿದ್ರಲ್ಲ!"

ಏನು ಹೇಳುವುದೆಂದು ತಿಳಿಯದೆ, ವೈನಿ ನನಗೆ ಹೇಳುತ್ತಿದ್ದ ಮಾತನ್ನೇ ಹೇಳತೊಡಗಿದೆ. ಹೊದ್ದವರನ್ನು ಬೆಚ್ಚಗಿಡುವ ವಸ್ತುವನ್ನು ಹಸಿವಿನಲ್ಲಿ ಕಳಿಸಬಾರದು, ಅದಕ್ಕೆ ಒಂದು ತುತ್ತು ಇಡುತ್ತಾರೆ, ಬಡವರ ಮನೆಯಲ್ಲೂ ತಪ್ಪಿಸುವುದಿಲ್ಲ ಎಂದೆಲ್ಲ. ಯಾವುದನ್ನು ನಾನು ಮೋರಿಗೆ ಕೊಡವಿದ್ದೆನೋ ಅದರ ಪರವಾಗಿ ವಾದ ಮಾಡುತ್ತ ಕುಳಿತಿದ್ದೆ.

ಸುಮಾ ಬಹಳ ಹೊತ್ತು ಆ ಮೂಲೆಯನ್ನೇ ನೋಡಿದಳು. ಆಮೇಲೆ ನಕ್ಕಳು. "ಮೊದಲ್ನೇ ಸಲವೇ ಹೇಳಿದ್ರೆ ಏನಾಗ್ತಿತ್ತು? ಮಂಚದ ಕಾಲಿಗೆ ನೀರಿನ ಬಟ್ಟಲು ಇಟ್ಕೋತಿದ್ದೆ. ಪಾಪ, ಆ ಮೊದಲಿನ ಕೌದೀನ ಸುಮ್ನೆ ಬೈದ್ಕೊಂಡೆ. ಇದನ್ನ ಹೊಲ್ದೋರು ಯಾರು?"

ನಾನು ಗಂಟಿನ ರೆಕ್ಸಿನ್ ಮಡಿಸತೊಡಗಿದೆ. ಕೌದಿಯನ್ನು ಅವಳು ಇಟ್ಟುಕೊಂಡಳು. ಮೂಲೆ ಬಿಚ್ಚಿ ನೋಡೋಣವೆಂದು ಅವಳೂ ಅನ್ನಲಿಲ್ಲ, ನನಗೂ ಧೈರ್ಯವಿರಲಿಲ್ಲ.

ವಿಜಯವಾಡಕ್ಕೆ ಬಂದು ಹೆಂಡತಿಯನ್ನು ವಿಚಾರಿಸಿದೆ. "ನನಗ ಗುಂಡಿ ಹಚ್ಚಾಕ ಬರೂದಿಲ್ಲ, ಕೌದಿ ಹೊಲೀತೇನೇನು?" ಎಂದು ನನ್ನ ಮುಖ ನೋಡಿದಳು. ಬೇರೆ ಕೌದಿ ಕಟ್ಟಿದ್ದೆನೇ ಎಂದು ಅಂಗಡಿಯಲ್ಲಿ ಉಳಿದವನ್ನೆಲ್ಲ ಬಿಡಿಸಿ ನೋಡಿದೆ. ಸೀಳಿದ ಮೂಲೆಗಳೆಲ್ಲ ಸೀಳಿದಂತೆಯೇ ಇದ್ದವು. ಆ ವಾರವೇ ಹುಬ್ಬಳ್ಳಿಯ ಗಾಡಿ ಹತ್ತಿ ವೈನಿಯ ತವರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದ್ದೆ. ತಪ್ಪಾಯಿತು, ಕ್ಷಮಿಸಿ.

ವೈನಿ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ, "ಏನಪಾ, ಮಿಷನ್ ಕೆಟ್ಟತೇನು? ನನ್ನ ಕೈ ನೆನಪಾತು," ಎಂದರು. ಊಟಕ್ಕೆ ಬಡಿಸಿದರು. ಇತ್ತೀಚೆಗೆ ವಿಜಯವಾಡದ ಕಡೆ ಬಂದಿದ್ದಿರಾ ಎಂದು ಕೇಳಿದೆ. "ಮಳ್ಳ ಹಿಡದೈತೇನು ನಿನಗ? ಇಲ್ಲಿಂದ ಸಂತಿಗೂ ಹೋಗಿಲ್ಲ ನಾನು," ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಬೆರಗಾಗಲೂ ಇಲ್ಲ. "ಕೂಸು ಮಲಗಿತೇನು ಆಮ್ಯಾಲ?" ಎಂದಷ್ಟೇ ಕೇಳಿದರು. ಅದನ್ನು ಕೇಳಿಕೊಂಡು ಬರುವುದು ನನಗೆ ಹೊಳೆದಿರಲಿಲ್ಲ.

ಬಾಯಿಪಾಠ ಮಾಡಿದ ಮಾತು ಮಾತ್ರ ಬರಲಿಲ್ಲ. "ನಡೀರಿ ವೈನಿ, ಮನೀಗೆ ಹೋಗೂಣು," ಎಂದೆ. ಅವರು ಒಳಗೆ ಹೋಗಿ ಚೀಲ ತಂದರು. ಆಮೇಲೆ ಅವರು ನಮ್ಮ ಮನೆಯಲ್ಲಿ ಬಹಳ ವರ್ಷ ಬಾಳಿದರು. ನನ್ನ ಮಗಳ ಬಾಣಂತನ ಮಾಡಿದರು. ನೆರೆಯ ತೆಲುಗು ಹೆಂಗಸರಿಗೆ ಹೊಲಿಗೆ ಕಲಿಸಿದರು. ಆ ಹೆಂಗಸರು ಇವತ್ತಿಗೂ ಒಂದು ತುತ್ತು ಇಡದೆ ಬೊಂತದ ಮೂಲೆ ಮುಚ್ಚುವುದಿಲ್ಲ, ಅಂಗಡಿಯಲ್ಲಿ ಕೊಂಡವರಿಗೆಲ್ಲ ನಾನೇ ಅದನ್ನು ವಿವರಿಸಿ ಕೊಡುತ್ತೇನೆ. ಕರೆದು ತಂದದ್ದೇ ಕ್ಷಮೆ ಕೇಳಿದ ಹಾಗಾಯಿತೆಂದು ಅಷ್ಟು ವರ್ಷವೂ ನನ್ನನ್ನು ನಾನು ನಂಬಿಸಿಕೊಂಡೆ. ವೈನಿ ತೀರಿಕೊಂಡ ದಿನ ಹಾಗಾಗಿರಲಿಲ್ಲವೆಂದು ತಿಳಿಯಿತು.

ಆ ಮೂಲೆಯನ್ನು ಯಾರು ಹೊಲಿದರು? ನನಗೆ ಗೊತ್ತಿಲ್ಲ. ನನ್ನ ಮನಸ್ಸೇ ನನ್ನ ಕಣ್ಣಿಗೆ ಮೋಸ ಮಾಡಿತೆನ್ನೋಣವೆಂದರೆ, ಬೆಲ್ಲದ ವಾಸನೆ ಹಿಡಿದವಳು ಸುಮಾ. ಯೋಚಿಸಿ ಯೋಚಿಸಿ ಬಿಟ್ಟಿದ್ದೇನೆ.

ಸತ್ತವರಲ್ಲಿ ಕ್ಷಮೆ ಕೇಳಿದರೆ ಮುಟ್ಟುತ್ತದೆಯೇ ಎಂದು ಮೊದಲಿನ ನನ್ನನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ, ಮುಟ್ಟಿದರೂ ಮುಟ್ಟೀತು ಅನ್ನಿಸುತ್ತದೆ. ಅಣ್ಣನ ಹೆಂಡತಿಯ ಹೆಸರನ್ನು ಬಾಯಿಂದ ಆಡುವ ರೂಢಿ ನಮ್ಮ ಮನೆತನದಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಾಯಿತು, ನೀಲವ್ವ.